ತಿರುಗುಯಂತ್ರದ ಯೋಗಕ್ಷೇಮ

ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಪೂರ್ವಿಕರು ಇವೆರಡನ್ನೂ ಒಂದೇ ಪದವಾಗಿ ಹೆಣೆದುದು ನಿಷ್ಕಾರಣವಾಗಿ ಅಲ್ಲ. ಸಂಸಾರಕ್ಕೆ ಸಲ್ಲುವ ಈ ಮಾತು ಮೋಟಾರುಯಂತ್ರಕ್ಕೂ ಹೇಗೆ ಸಲ್ಲುವುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುವೆವು.

ಸಾಮಾನ್ಯವಾದ ಮೋಟಾರುಯಂತ್ರದಲ್ಲಿ ಪಿಸ್ಟನ್ನುಗಳು ಹಿಂದಕ್ಕೂ ಮುಂದಕ್ಕೂ ಆಡುವುವೆಂಬುದನ್ನು ಎಲ್ಲರೂ ಬಲ್ಲರು. ಹಾಗೆ ಆಡದೆ, ತಿರುಗುತ್ತಲೇ ಕೆಲಸಮಾಡುವ ಯಂತ್ರವೊಂದನ್ನು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬಾತನು ಕಲ್ಪಿಸಿದನು. ಎನ್‌ಎಸ್‌ಯು ಕಂಪೆನಿಯಲ್ಲಿ 1957ರಲ್ಲಿ ಅದು ಮೊದಲ ಬಾರಿಗೆ ಓಡಿತು. ನಡು ತುಸು ಸೊರಗಿದ ಅಂಡಾಕಾರದ ಕೋಶ. ಅದರೊಳಗೆ ಉಬ್ಬಿದ ಬದಿಗಳುಳ್ಳ ತ್ರಿಕೋನಾಕೃತಿಯ ರೋಟರು. ರೋಟರಿನ ಒಂದೊಂದು ಬದಿಯೂ ಸುತ್ತುಬರುತ್ತ, ಗಾಳಿಯನ್ನೂ ಪೆಟ್ರೋಲನ್ನೂ ಒಳಗೆಳೆದು, ಅದುಮಿ, ಉರಿಸಿ, ಹೊಗೆಯನ್ನು ಹೊರದೂಡುವುದು. ರೋಟರು ಒಂದು ಸುತ್ತು ಬರುವಷ್ಟರಲ್ಲಿ ದಂಡವು ಮೂರು ಸುತ್ತು ಬಂದಿರುವುದು. ಕವಾಟಗಳಿಲ್ಲ, ಭಾಗಗಳು ಕೆಲವೇ, ಅದುರಾಟ ಅತ್ಯಲ್ಪ.

ಆದರೆ ತ್ರಿಕೋನದ ಮೂರು ಮೂಲೆಗಳಲ್ಲಿಯೂ ಒಂದೊಂದು ತೆಳುವಾದ ಪಟ್ಟಿಯುಂಟು. ಅದು ಕೋಶದ ಗೋಡೆಯನ್ನು ಸವರುತ್ತ, ಅನಿಲವು ಸೋರದಂತೆ ಕಾಯಬೇಕು. ಯಂತ್ರದ ಪ್ರಾಣವಿರುವುದು ಈ ಪಟ್ಟಿಯಲ್ಲಿ. 1967ರಲ್ಲಿ ಎನ್‌ಎಸ್‌ಯುವಿನವರು ಹೊರತಂದ ರೋ 80 ಎಂಬ ಕಾರಿನಲ್ಲಿ ಪಟ್ಟಿಗಳು ಬೇಗನೆ ಸವೆದುವು. ಕೊಟ್ಟ ಮಾತಿನಂತೆ ಯಂತ್ರಗಳನ್ನು ಬದಲಿಸಿಕೊಡುವುದರಲ್ಲಿ ಕಂಪೆನಿಯೇ ಬಸವಳಿಯಿತು. ಜಪಾನಿನ ಹಿರೋಷಿಮಾದ ಮಾಜ್ದಾದವರೂ ಇದೇ ಕಷ್ಟವನ್ನು ಕಂಡವರೇ. ಗೋಡೆಯ ಮೇಲೆ ಪಟ್ಟಿಯು ಕೊರೆದ ಗೀರುಗಳನ್ನು ಅವರು ದೆವ್ವದ ಉಗುರಿನ ಗುರುತೆಂದು ಕರೆದರು. ಕೆನಿಚಿ ಯಮಾಮೊಟೊ ಎಂಬ ಎಂಜಿನಿಯರರೂ ಅವರ ಸಂಗಡಿಗರೂ ಹಲವು ವರ್ಷ ಶ್ರಮಿಸಿ, ಇಂಗಾಲಕ್ಕೆ ಅಲ್ಯೂಮಿನಿಯಮ್ಮನ್ನು ಬೆರೆಸಿ ಪಟ್ಟಿಮಾಡಿ, 1967ರಲ್ಲಿಯೇ ಕಾಸ್ಮೊ ಎಂಬ ಕಾರನ್ನು ಬೀದಿಗಿಳಿಸಿದರು.

ಇನ್ನು ಟರ್ಬೊ. ಹೊರಹೋಗುವ ಹೊಗೆಯಿಂದ ಒಂದು ಗಾಲಿಯು ತಿರುಗಿ, ಅದೇ ಅಚ್ಚಿನಲ್ಲಿರುವ ಮತ್ತೊಂದು ಗಾಲಿಯು ಹೊಸ ಗಾಳಿಯನ್ನು ಒತ್ತಿ ಯಂತ್ರಕ್ಕೆ ತುಂಬುವುದು. ತಿರುಗುಯಂತ್ರದ ಹೊಗೆ ಬಹಳ ಬಿಸಿ, ಬಹಳ ರಭಸ; ಆದುದರಿಂದ ಈ ಜೋಡಿ ಚೆನ್ನಾಗಿ ಕೂಡುವುದು. 1982ರ ಕಾಸ್ಮೊವಿನಲ್ಲಿ ಮಾಜ್ದಾದವರು ಇದನ್ನು ಅಳವಡಿಸಿದರು. 1991ರ ಆರ್‌ಎಕ್ಸ್-7 ಕಾರಿನಲ್ಲಿ 654 ಘನ ಸೆಂಟಿಮೀಟರಿನ ಎರಡು ರೋಟರುಗಳು, ಎರಡು ಟರ್ಬೊಗಳು, 255 ಅಶ್ವಶಕ್ತಿ! 2002ರಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಆದರೆ ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಆಸಕ್ತರು ಹಳೆಯ ಯಂತ್ರಗಳನ್ನು ಬಿಚ್ಚಿ, ದೊಡ್ಡ ಟರ್ಬೊ ಇಟ್ಟು, ಬೀದಿಯಲ್ಲಿ ಓಡಿಸಲು ಪುನಃ ಕಟ್ಟುತ್ತಿರುವರು.

ಅಪಾಯವಿರುವುದು ಇಲ್ಲಿಯೇ. ಗಾಳಿಯನ್ನು ಹೆಚ್ಚಿಸಿದವನು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಹೆಚ್ಚಿಸದಿದ್ದರೆ, ಇಲ್ಲವೆ ಕಿಡಿಯು ಹೊತ್ತಿಗೆ ಮುಂಚೆ ಹಾರಿದರೆ, ಕೋಶದಲ್ಲಿ ಅನಿಲವು ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು. ಪಿಸ್ಟನ್ನಿನ ಯಂತ್ರವು ಇಂತಹ ಏಟನ್ನು ಕೆಲವು ಸಲ ಸಹಿಸೀತು; ತಿರುಗುಯಂತ್ರದ ಪಟ್ಟಿಯು ಒಂದೇ ಏಟಿಗೆ ಮುರಿಯಬಹುದು. ಮುರಿದ ಚೂರು ಗೋಡೆಯನ್ನು ಕೊರೆದು, ಹೊಗೆಯೊಡನೆ ಹೊರಟು, ಟರ್ಬೊವಿನ ಗಾಲಿಗೂ ತಗಲುವುದು. ತಿಂಗಳುಗಳ ದುಡಿಮೆಯೂ ಕೂಡಿಟ್ಟ ಹಣವೂ ಕ್ಷಣಾರ್ಧದಲ್ಲಿ ಹಾಳು.

ಆದಕಾರಣ ಬಲ್ಲವರು ಟರ್ಬೊವನ್ನು ಕೊಳ್ಳುವ ಮೊದಲು ಕಾವಲನ್ನು ಸಿದ್ಧಪಡಿಸುವರು. ಗೋಡೆಯ ಸವೆತವನ್ನೂ ಪಟ್ಟಿಯ ಎತ್ತರವನ್ನೂ ಅಳೆಯುವರು. ನೀರು ಸೋರದಂತೆ ತಡೆಯುವ ರಬ್ಬರಿನ ಉಂಗುರಗಳನ್ನು ಹೊಸದಾಗಿ ಹಾಕುವರು. ಹೆಚ್ಚು ಪೆಟ್ರೋಲನ್ನು ಒದಗಿಸುವ ಪಂಪು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರು, ದೊಡ್ಡ ರೇಡಿಯೇಟರು, ಎಣ್ಣೆಯನ್ನು ತಣಿಸುವ ಸಾಧನ, ಇವು ಮೊದಲು. ಪಟ್ಟಿಗಳಿಗೆ ಜಿಡ್ಡು ತಪ್ಪದಿರಲೆಂದು ಕೆಲವರು ಪೆಟ್ರೋಲಿಗೇ ತುಸು ಎಣ್ಣೆಯನ್ನು ಬೆರೆಸುವರು. ಅನಂತರ ಕಡಮೆ ಒತ್ತಡದಲ್ಲಿ ಓಡಿಸಿ, ಪೆಟ್ರೋಲು ಗಾಳಿಗಳ ಪ್ರಮಾಣವನ್ನು ಪರೀಕ್ಷಿಸಿ, ಮೆಲ್ಲಮೆಲ್ಲನೆ ಏರಿಸುವರು.

ಪಂದ್ಯದ ಕಾರು ಒಂದು ದಿನ ಗೆದ್ದರೆ ಸಾಕು. ಬೀದಿಯ ಕಾರು ಬೇಸಗೆಯ ಮಧ್ಯಾಹ್ನ ವಾಹನಸಂದಣಿಯಲ್ಲಿ ನಿಂತು ನಿಂತು ಸಾಗಿಯೂ ಸಂಜೆಗೆ ಮನೆಮಂದಿಯನ್ನು ಮನೆಗೆ ಮುಟ್ಟಿಸಬೇಕು. ಅಂತಹ ದೇಶಗಳಲ್ಲಿ ನೆಲಸಿರುವ ನಮ್ಮವರ ಮಗನೊಬ್ಬನು ಈ ಹವ್ಯಾಸಕ್ಕೆ ಕೈಯಿಟ್ಟರೆ, ಹಿರಿಯರು ಬೇಡವೆಂದು ಗದರಿಸಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಹೆಚ್ಚಿದ ಬಲಕ್ಕೆ ತಕ್ಕ ಬ್ರೇಕು ಇದೆಯೆ? ಆ ನಾಡಿನ ಕಾನೂನು ಇದಕ್ಕೆ ಒಪ್ಪುವುದೆ? ಯಂತ್ರವು ಒಮ್ಮೆ ಮುರಿದರೆ ಮತ್ತೆ ಕಟ್ಟುವಷ್ಟು ಹಣವನ್ನು ಸಂಸಾರದ ವೆಚ್ಚಕ್ಕೆ ಕುಂದಿಲ್ಲದಂತೆ ಬೇರೆ ಇಟ್ಟಿರುವೆಯಾ? ಮೂರಕ್ಕೂ ಹೌದೆನ್ನುವವನು ಕ್ಷೇಮವನ್ನು ಅರಿತವನು. ಅವನು ಧಾರಾಳವಾಗಿ ಯೋಗಕ್ಕೆ ತೊಡಗಲಿ. ಮೂರರಲ್ಲಿ ಒಂದಕ್ಕೆ ತಡವರಿಸುವವನು ಟರ್ಬೊವನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿರಲಿ. ಅದು ಅಲ್ಲಿ ಕೆಡುವ ಪದಾರ್ಥವಲ್ಲ.