ಉಳುವವನ ಹೆಸರೆಲ್ಲಿ?

ಕಲ್ಯಾಣ ದಾಟಿ ಮುರಬಾಡ, ಶಹಾಪುರದ ಕಡೆ ಹೋದರೆ ಠಾಣೆ ಜಿಲ್ಲೆಯಲ್ಲಿ ಇನ್ನೂ ಭತ್ತದ ಗದ್ದೆಗಳಿವೆ. ಅಲ್ಲಿನ ರೈತನಿಗೆ ಕೇಂದ್ರದ ಪಿಎಂ-ಕಿಸಾನ್ ವರ್ಷಕ್ಕೆ 6,000 ರೂಪಾಯಿ. 2023ರಿಂದ ಮಹಾರಾಷ್ಟ್ರದ ನಮೋ ಶೇತಕರಿ ಯೋಜನೆಯದು ಮತ್ತೆ 6,000. (ಕರ್ನಾಟಕ ಸೇರಿಸುತ್ತಿದ್ದ 4,000 ನಿಂತೇಹೋಯಿತು ಬಿಡಿ.) ಹಣ ಬೀಳುವುದು ನೆಲದ ದಾಖಲೆಯಲ್ಲಿ (ಇಲ್ಲಿ ಸಾತ್‌ಬಾರಾ, ಕರ್ನಾಟಕದಲ್ಲಿ ಪಹಣಿ) ಹೆಸರಿದ್ದವರ ಖಾತೆಗೆ. ಗೇಣಿಗೆ ಉಳುವವನ ಕೈಗೆ ಕೆಸರಷ್ಟೇ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕೂತು, ಊರಿನ ಎರಡೆಕರೆಯ ಲೆಕ್ಕದಲ್ಲಿ ಪಿಎಂ-ಕಿಸಾನ್‌ನ 2,000ದ ಕಂತು ಬಂತೇ ಎಂದು ಮೊಬೈಲ್ ನೋಡುವ ನಮ್ಮ ಕನ್ನಡಿಗರಿಗೂ ಒಂದು ಮಾತು: ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು ಇದಕ್ಕೆ ಅರ್ಹರಲ್ಲ. ಪಡೆದಿದ್ದರೆ ಹಿಂತಿರುಗಿಸಿಬಿಡಿ.