ಗೀಚು ಇದ್ರೂ ಪರವಾಗಿಲ್ಲ, ಮುಖ ಹೋಗ್ಬಾರ್ದು

(1)
ಮತ್ತೆ ಅದೇ ರೀಲ್. ಹೊಳೆಯೋ ಫೋಟೊ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಗೀಚ್ತಾರೆ, ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸ್ತಾರೆ, ಫೋಟೊ ಕ್ಲೀನ್! ನಮ್ಮ ಕ್ಲಾಸ್ ಗ್ರೂಪಿಗೆ ಮೂರು ಜನ ಫಾರ್ವರ್ಡ್ ಮಾಡಿದ್ದಾರೆ. ಆ ಗೀಚಿಗೆ ವಯಸ್ಸು ಹತ್ತು ಸೆಕೆಂಡು ಕಣ್ರೋ. ನಿಮ್ಮನೆ ಆಲ್ಬಮ್ಮಿನಲ್ಲಿರೋದು ಹದಿನೈದು ವರ್ಷದಿಂದ ಕೂತಿದೆ. ಅಲ್ಲದೆ, ಅವರ ಫೋಟೊ ಹಾಳಾದ್ರೆ ಅಳೋರು ಯಾರೂ ಇಲ್ಲ.

(2)
ಹೊಳಪು ಅಂದ್ರೆ ಗಾಜಲ್ಲ. ಲ್ಯಾಬಿನಲ್ಲಿ ತೊಳೆಸಿದ ಕಲರ್ ಫೋಟೊ ಅಂದ್ರೆ ಪ್ಲಾಸ್ಟಿಕ್ ಲೇಪದ ಕಾಗದ, ಅದರ ಮೇಲೆ ಜೆಲಟಿನ್ ಪದರ, ಬಣ್ಣ ಇರೋದು ಆ ಜೆಲಟಿನ್ ಒಳಗೆ. ನೀರು ತಾಗಿದ್ರೆ ಅದು ಉಬ್ಬಿ ಮೆತ್ತಗಾಗುತ್ತೆ. ಆಗ ಉಜ್ಜಿದ್ರೆ ಮುಖಾನೇ ಕಿತ್ತು ಬರುತ್ತೆ. ಮನೆ ಪ್ರಿಂಟರ್‌ನಲ್ಲಿ ತೆಗೆದ ಗ್ಲಾಸಿ ಫೋಟೊದ ಕಥೆ ಬೇರೆ, ಅದು ಇಂಕು. ಆಲ್ಕೋಹಾಲ್ ತಾಗಿದ್ರೆ ಹರಡಿಬಿಡಬಹುದು. ಎರಡೂ ಹೊರಗಿಂದ ಒಂದೇ ಥರ ಮಿಂಚುತ್ತವೆ. ನಿಮ್ಮದು ಯಾವ ಫೋಟೊ ಅಂತ ಯಾವ ರೀಲಾದ್ರೂ ಕೇಳಿದೆಯಾ?

ಟೂತ್‌ಪೇಸ್ಟ್ ಅನ್ನೋರಿಗೆ ನಮಸ್ಕಾರ. ಹಲ್ಲು ಉಜ್ಜೋಕೆ ಅಂತಲೇ ಅದರಲ್ಲಿ ಸಣ್ಣ ಪುಡಿ ಇರುತ್ತೆ. ಫೋಟೊ ಹೊಳಪನ್ನೂ ಅದೇ ಥರ ಉಜ್ಜುತ್ತೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, ಅಷ್ಟು ಜಾಗ ಮಂಕು.

(3)
ನಮ್ಮ ಸಂಬಂಧಿಕರ ಮನೇಲಿ ಅಜ್ಜನ ಫೋಟೊಗೆ ಪುಟ್ಟ ಮಗು ಮಾರ್ಕರ್‌ನಿಂದ ಮೀಸೆ ಬರೆದಿತ್ತು. ಪ್ರಿಂಟರ್‌ನಲ್ಲಿ ತೆಗೆದ ಫೋಟೊ. ರೀಲ್ ನೋಡಿ ಸ್ಯಾನಿಟೈಸರ್ ಹಾಕಿದ್ರು. ಮೀಸೆ ಹೋಯ್ತು, ಜೊತೆಗೆ ತುಟಿನೂ ಹೋಯ್ತು. ಒರಿಜಿನಲ್ ಇದ್ದ ಫೋನನ್ನ ಯಾವತ್ತೋ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು. ಮೀಸೆ ಇದ್ದಿದ್ರೆ ಮನೆಯವರು ನಗ್ತಿದ್ರು, ಅಷ್ಟೇ.

(4)
"ಹಾಗಾದ್ರೆ ಮುಟ್ಟಲೇಬಾರ್ದಾ?" ಮುಟ್ಟಿ. ಆದ್ರೆ ಮೊದಲು ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ರೆ ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ನೇರ ಮೇಲಿಂದ ಫೋನಲ್ಲೇ ತೆಗೀರಿ. ಗೀಚನ್ನ ಆ ಕಾಪಿಯಲ್ಲಿ ಎಷ್ಟು ಸಲ ಬೇಕಾದ್ರೂ ಅಳಿಸಿ, ಅಲ್ಲಿ ಅನ್‌ಡೂ ಇದೆ. ಆಲ್ಬಮ್ ಹಿಂದಿನ ಜೇಬನ್ನೂ ನೋಡಿ. ಆ ಕಂದು ಬಣ್ಣದ ನೆಗೆಟಿವ್ ಪಟ್ಟಿ ಸಿಕ್ರೆ ನಿಮ್ಮ ಅದೃಷ್ಟ, ಹೊಸ ಪ್ರಿಂಟೇ ಹಾಕಿಸಬಹುದು. ದೀಪಾವಳಿ ಕ್ಲೀನಿಂಗಲ್ಲಿ ಅದನ್ನೇ ಮೊದಲು ಕಸಕ್ಕೆ ಹಾಕ್ತೀವಿ, ಅದು ಬೇರೆ ಜಗಳ.

ಒರಿಜಿನಲ್ಲೇ ಒರೆಸಬೇಕು ಅಂದ್ರೆ, ಖಂಡಿತ ಲ್ಯಾಬ್ ಪ್ರಿಂಟೇ ಅಂತ ಗೊತ್ತಿದ್ರೆ ಮಾತ್ರ. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸೋಕೆ ಬಳಸೋ ಐಪಿಎ, 99 ಪರ್ಸೆಂಟಿನದು. 70ರದ್ದು ಬೇಡ, ಮಿಕ್ಕಿದ್ದು ನೀರು. ಇಯರ್‌ಬಡ್ ತುದಿ ಸ್ವಲ್ಪವೇ ತೇವ ಆಗಬೇಕು. ಮೊದಲು ಮೂಲೆಯಲ್ಲಿ, ಮುಖ ಇಲ್ಲದ ಕಡೆ ನೋಡಿ. ಫೋಟೊದ ಬಣ್ಣ ಬಡ್‌ಗೆ ಬಂದ್ರೆ ಅಲ್ಲೇ ನಿಲ್ಲಿಸಿ. ಉಜ್ಜಬೇಡಿ, ಬಡ್ ಉರುಳಿಸಿ, ಪ್ರತಿ ಸಲ ಹೊಸ ಬಡ್. ಇಲ್ಲಾಂದ್ರೆ ಕರಗಿದ ಮಸಿಯನ್ನ ನೀವೇ ವಾಪಸ್ ಬಳೀತೀರಿ. ಪೇಂಟ್ ಪೆನ್ ಇನ್ನೂ ಹಠಮಾರಿ, ಒಣಗಿದ್ ಮೇಲೆ ಪದರವಾಗಿ ಅಂಟಿರುತ್ತೆ. ಬ್ಲೇಡಲ್ಲಿ ಕೆರೀಬೇಡಿ. ಕೈಯಲ್ಲಿ ಬಣ್ಣ ತುಂಬಿದ ಹಳೇ ಬ್ಲ್ಯಾಕ್ ಅಂಡ್ ವೈಟ್ ಫೋಟೊ ಆದ್ರೆ ಏನೂ ಹಚ್ಚಬೇಡಿ.

(5)
"ಒಂದು ಫೋಟೊಗೆ ಇಷ್ಟೊಂದಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಮ್ಮ ಫೋನಲ್ಲಿ ಸಾವಿರಗಟ್ಟಲೆ ಸೆಲ್ಫಿ ಇವೆ. ಅಜ್ಜಿ ಹತ್ರ ಮದುವೆಯದ್ದು ಒಂದೇ ಇರಬಹುದು. ಅಕೌಂಟ್ಸ್ ಓದೋ ನಮಗೆ ರೀಪ್ಲೇಸ್‌ಮೆಂಟ್ ಕಾಸ್ಟ್ ಅಂದ್ರೆ ಏನು ಅಂತ ಹೇಳಿಕೊಡಬೇಕಾ? ಇದಕ್ಕೆ ಆ ಕಾಲಮ್ಮಲ್ಲಿ ಬರೆಯೋಕೆ ಅಂಕಿನೇ ಇಲ್ಲ.

ಫೇರ್‌ವೆಲ್ ದಿನ ಗ್ರೂಪ್ ಫೋಟೊ ಮೇಲೆ ಸೈನ್ ಹಾಕೋಕೆ ಪರ್ಮನೆಂಟ್ ಮಾರ್ಕರ್ ತರೋರಿಗೆ ಈಗಲೇ ಹೇಳ್ತಿದೀನಿ: ನನ್ನದರ ಮೇಲೆ ಬೇಡ. ಹಿಂದೆನೂ ಬೇಡ, ಮಸಿ ಒಣಗದಿದ್ರೆ ಕೆಳಗಿನ ಫೋಟೊ ಮುಖಕ್ಕೆ ಅಂಟುತ್ತೆ. ಬಿಳಿ ಕಾರ್ಡ್ ನಾನೇ ತರ್ತೀನಿ, ಏನು ಬೇಕಾದ್ರೂ ಬರೀರಿ.