ಗ್ಯಾಸಿಗೂ ಲೆಕ್ಕ ಬೇಕು, ಮಾಲೀಕರಿಗೂ ಹೊಣೆ ಬೇಕು

ಗಲ್ಫ್‌ನಲ್ಲಿರುವ ನಮಗೆ ಎ.ಸಿ. ಎಂದರೆ ಶೋಕಿಯಲ್ಲ, ಅನ್ನ ನೀರಿನಷ್ಟೇ ಅಗತ್ಯ. ಅದನ್ನು ರಿಪೇರಿ ಮಾಡುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಆದರೆ ಅದರೊಳಗಿನ ಗ್ಯಾಸಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಹಲವು ಎ.ಸಿ.ಗಳಲ್ಲಿರುವ ಆರ್-410ಎ ಗ್ಯಾಸ್ ಒಂದು ಕಿಲೋ ಗಾಳಿಗೆ ಸೇರಿದರೆ, ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಹಾನಿ.

ಹಳೆಯ ಯಂತ್ರ ಕಳಚುವಾಗ "ಗ್ಯಾಸ್ ಬಿಟ್ಟುಬಿಡು, ಬೇಗ ಮುಗಿಸು" ಎನ್ನುವವರು ಮೇಲಿನವರು. ಸಿಕ್ಕಿಬಿದ್ದರೆ ಬೈಗುಳ ತಿನ್ನುವವನು ಮೆಕ್ಯಾನಿಕ್. ಇದು ನ್ಯಾಯವೇ?

ಜಪಾನಿನ ದಾರಿ ನೋಡಿ. ಟೋಕಿಯೊ ಪಕ್ಕದ ಗ್ಯೋಟೋಕುವಿನಲ್ಲಿ ಅನೇಕ ಭಾರತೀಯ ಕುಟುಂಬಗಳಿವೆ. ಅಲ್ಲಿ ಹೋಟೆಲು, ಅಂಗಡಿ ನಡೆಸುವವರು ಮೂರು ತಿಂಗಳಿಗೊಮ್ಮೆಯಾದರೂ ತಮ್ಮ ಎ.ಸಿ., ಫ್ರಿಜ್ ಪರೀಕ್ಷಿಸಬೇಕು. ಯಂತ್ರ ಎಸೆಯುವ ಮುನ್ನ, ಪ್ರಾಂತ್ಯ ಸರಕಾರದಲ್ಲಿ ನೋಂದಾಯಿತರಾದವರಿಂದ ಗ್ಯಾಸ್ ತೆಗೆಸಿ ಪತ್ರ ಪಡೆಯಬೇಕು. ಆ ಪತ್ರದ ಪ್ರತಿ ಇಲ್ಲದೆ ಗುಜರಿಯವನು ಯಂತ್ರ ಮುಟ್ಟುವಂತಿಲ್ಲ. ಮನೆಯ ಎ.ಸಿ.ಗೆ ಬೇರೆ ಕಾನೂನಿದೆ. ಎಸೆಯುವಾಗ ಮರುಬಳಕೆ ಶುಲ್ಕ ಬಳಸಿದವರದೇ.

ಅಲ್ಲೂ ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. 2001ರಲ್ಲೇ ಕಾನೂನು ಬಂದರೂ, ಎಸೆದ ಯಂತ್ರಗಳಿಂದ ವಾಪಸು ಸಿಗುತ್ತಿದ್ದ ಗ್ಯಾಸ್ ಬಹುಕಾಲ ಶೇ. 40ನ್ನೂ ದಾಟಲಿಲ್ಲ. ಹಾಗಾಗಿ 2020ರ ಏಪ್ರಿಲ್‌ನಿಂದ ನಿಯಮ ಬಿಗಿಯಾಯಿತು. ಗ್ಯಾಸ್ ತೆಗೆಸದೆ ಎಸೆದ ಮಾಲೀಕರಿಗೆ ನೇರವಾಗಿ 5 ಲಕ್ಷ ಯೆನ್‌ವರೆಗೆ ದಂಡ.

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಮಾರ್ಫಿನ್‌ನ ಒಂದೊಂದು ಆಂಪ್ಯೂಲಿಗೂ ರಿಜಿಸ್ಟರಿನಲ್ಲಿ ಲೆಕ್ಕ, ಕೈಗೆ ಕೈಗೆ ಸಹಿ. ಕೊಡುವವನಿಗೆ ಲೈಸೆನ್ಸ್ ಬೇಕು, ಆಸ್ಪತ್ರೆಗೂ ಬೇಕು. ಗ್ಯಾಸ್ ಸಿಲಿಂಡರಿಗೂ ಇಂಥದ್ದೇ ಲೆಕ್ಕ ಯಾಕಿರಬಾರದು?

ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯಲ್ಲಿ ಭಾರತ ಮತ್ತು ನಾವು ದುಡಿಯುವ ಗಲ್ಫ್ ದೇಶಗಳು ಒಂದೇ ಗುಂಪಿನಲ್ಲಿವೆ. ಈ ಗುಂಪಿಗೆ 2028ರಿಂದ ಇಂಥ ಗ್ಯಾಸುಗಳ ಬಳಕೆಗೆ ಮಿತಿ ಬೀಳುತ್ತದೆ, ಆಮೇಲೆ ಹಂತಹಂತವಾಗಿ ಕಡಿತ. ಆಗ ಸರ್ಟಿಫಿಕೇಟ್ ಇರುವ ಕೈಗೆ ಬೆಲೆ ಬಂದೇ ಬರುತ್ತದೆ. ಆದರೆ ತರಬೇತಿಯ ಖರ್ಚನ್ನೂ ಗ್ಯಾಸ್ ಹೀರುವ ಯಂತ್ರದ ಖರ್ಚನ್ನೂ ಕಂಪನಿಯೇ ಹೊರಬೇಕು. ಕಾರ್ಮಿಕನ ಸಂಬಳದಿಂದ ಮುರಿಯಬಾರದು.

ನಮ್ಮ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಂದು ದಿನ ಎ.ಸಿ. ಕೆಲಸದ ಅಣ್ಣತಮ್ಮಂದಿರಿಗೆ ಕನ್ನಡದಲ್ಲೇ ಈ ವಿಷಯ ತಿಳಿಸುವ ಶಿಬಿರ ಮಾಡಲಿ. "ಬಿಟ್ಟುಬಿಡು" ಎಂದವರಿಗೆ "ಆಗಲ್ಲ ಸಾರ್, ಕಾನೂನಿದೆ" ಎನ್ನುವ ಧೈರ್ಯ ತಿಳಿವಳಿಕೆಯಿಂದಲೇ ಬರುವುದು.